ಎರಡು ಒಂಬತ್ತುಗಳ ರೂಪಾಯಿ

1998ರ ಸೆಪ್ಟೆಂಬರ್ 14, ಸೋಮವಾರ, ಬೆಳಿಗ್ಗೆ 10.40. ತಾಂಡವಪುರದ ಗುರುಬಸಮ್ಮ ನಂಜನಗೂಡು ಠಾಣೆಗೆ ಬಂದು, ಒಂದು ಬೆಳ್ಳಿ ರೂಪಾಯಿಯನ್ನೂ ಒಂದು ಚೀಟಿಯನ್ನೂ ಪಿ.ಎಸ್.ಐ. ನಟರಾಜ್‌ನ ಮೇಜಿನ ಮೇಲಿಟ್ಟಳು.

"ಈ ಚೀಟಿ ಬರ್ಕೊಟ್ಟ ಆಚಾರಿನ ಮೊದ್ಲು ಒಳಕ್ಕಾಕಿ ಸಾ. ಮಿಕ್ಕಿದ್ದು ಆಮೇಲೆ ಯೋಳ್ತೀನಿ."

"ಮೊದ್ಲು ಹೇಳಿ. ಒಳಗೆ ಹಾಕೋದು ಆಮೇಲೆ ನೋಡೋಣ," ಅಂದ ನಟರಾಜ್.

ಗುರುಬಸಮ್ಮನಿಗೆ ಐವತ್ತಾರು ವರ್ಷ. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಹತ್ತು ದಿನದ ಹಿಂದೆ, ಸೆಪ್ಟೆಂಬರ್ 4ರ ಮಧ್ಯಾಹ್ನ, ಐವತ್ತರ ಆಸುಪಾಸಿನ ಒಬ್ಬ ಗಿರಣಿಗೆ ಬಂದ. ಅವನ ಕೈಯಲ್ಲಿ ಆರನೇ ಜಾರ್ಜ್ ದೊರೆಯ ರೂಪಾಯಿ, ಇಸವಿ 1939. ಆ ವರ್ಷದ ರೂಪಾಯಿ ಸಿಗುವುದೇ ಕಷ್ಟ, ನಾಣ್ಯ ಕೂಡಿಸುವವರು ಅರ್ಧ ಲಕ್ಷ ಕೊಟ್ಟಾರು ಅಂದ. ಅವನಿಗೆ ನೋಟು ಬೇಕಿರಲಿಲ್ಲ. ಬದಲಿಗೆ ನಲವತ್ತು ರಾಣಿ ರೂಪಾಯಿ ಕೇಳಿದ. ವಿಕ್ಟೋರಿಯಾ ತಲೆಯ ಅಷ್ಟೂ ರೂಪಾಯಿ ಗುರುಬಸಮ್ಮನ ಅತ್ತೆಯ ಕಾಲದಿಂದ ಮನೆಯಲ್ಲಿದ್ದವು. ಪ್ರತಿ ವರ್ಷ ವರಮಹಾಲಕ್ಷ್ಮಿಯ ಕಳಶದ ಮುಂದೆ ಜೋಡಿಸುತ್ತಿದ್ದಳು. ಅರಿಸಿನ ಕುಂಕುಮಕ್ಕೆ ಬಂದವರೆಲ್ಲ ನೋಡಿದ್ದರು.

"ನಾನೇನ್ ಪೆದ್ದಿ ಅಲ್ಲ ಸಾ. ಪರೀಕ್ಷೆ ಮಾಡುಸ್ದೆ ಮುಟ್ಟಾಕಿಲ್ಲ ಅಂದೆ. 'ಮಾಡ್ಸವ್ವ, ನಂಜನಗೂಡ್ ಮಹದೇವಾಚಾರಿ ತಾವೇ ಮಾಡ್ಸು, ನಾನಿಲ್ಲೇ ಕುಂತಿರ್ತೀನಿ' ಅಂದ."

"ಮಹದೇವಾಚಾರಿ ಹತ್ರಾನೇ ಅಂತ ಅವನೇ ಹೇಳಿದ್ನಾ?"

"ಅದ್ಕೇ ಯೋಳ್ತಿರಾದು! ಇಬ್ರೂ ಒಂದೇ ಕಣ್ ಸಾ."

ಅವಳು ಬಸ್ಸು ಹತ್ತಿ ಆಚಾರಿಯ ಅಂಗಡಿಗೆ ಹೋಗಿ ನಾಣ್ಯ ತೋರಿಸಿದ್ದಳು. ಅವನು ತೂಗಿ, ಒರೆಗಲ್ಲಿಗೆ ತಿಕ್ಕಿ, ಚೀಟಿ ಬರೆದುಕೊಟ್ಟ: 'ತೂಕ 11.6 ಗ್ರಾಂ. ಒಳ್ಳೆ ಬೆಳ್ಳಿ. ಎರಕದ್ದಲ್ಲ, ಟಂಕಸಾಲೆಯದು.' ಕೆಳಗೆ ಸಹಿ. ಚೀಟಿ ನಂಬಿ ನಲವತ್ತು ರೂಪಾಯಿ ಎಣಿಸಿಕೊಟ್ಟಳು. ನಿನ್ನೆ ಮೈಸೂರಿಗೆ ಹೋದಾಗ ಅಲ್ಲಿಯ ಒಬ್ಬ ನಾಣ್ಯ ಸಂಗ್ರಾಹಕರು ಅದನ್ನು ಮುಟ್ಟಿ ನೋಡಿ, ಇದು ಅರ್ಧ ಲಕ್ಷದ ನಾಣ್ಯವಲ್ಲ ಎಂದು ವಾಪಸ್ ಕೊಟ್ಟಿದ್ದರು.

ಹೆಡ್ ಕಾನ್‌ಸ್ಟೇಬಲ್ ದೇವಯ್ಯ 11.30ಕ್ಕೆ ಎಫ್.ಐ.ಆರ್. ದಾಖಲಿಸಿದ. ಭಾರತೀಯ ದಂಡ ಸಂಹಿತೆ ಕಲಂ 420, ವಂಚನೆ. ಆರೋಪಿ, ಹೆಸರು ತಿಳಿಯದ ಗಂಡಸು. ಗುರುಬಸಮ್ಮ ಪಟ್ಟು ಹಿಡಿದದ್ದರಿಂದ ಮಹದೇವಾಚಾರಿಯ ಹೆಸರೂ ಸೇರಿತು.

ಅದೇ ಮಧ್ಯಾಹ್ನ ನಟರಾಜ್ ಮೈಸೂರಿನ ಆ ಸಂಗ್ರಾಹಕರನ್ನು ಕಂಡ. ಮರಿಯಯ್ಯ ಇತಿಹಾಸದ ನಿವೃತ್ತ ಉಪನ್ಯಾಸಕರು. ಅವರು ನಾಣ್ಯವನ್ನು ಕಲ್ಲುಚಪ್ಪಡಿಯ ಮೇಲೆ ಬೀಳಿಸಿ ಸದ್ದು ಕೇಳಿಸಿದರು.

"ಸದ್ದು ಸರಿ, ತೂಕ ಸರಿ, ಬೆಳ್ಳೀನೂ ಸರಿ. ನಾಣ್ಯ ಅಸಲಿ ಕಣ್ರೀ. ಇಸವಿ ಮಾತ್ರ ಸುಳ್ಳು."

"ಅಂದ್ರೆ?"

"ಇದು 1938ರದ್ದು, ಬೇಕಾದಷ್ಟು ಸಿಗುತ್ತೆ. ಎಂಟರ ಕೆಳಸುತ್ತಿನ ಎಡಭಾಗ ಕಿತ್ತು ಒಂಬತ್ತು ಮಾಡಿದಾನೆ."

"ಕೊಳ್ಳೋ ಮುಂಚೆ ಅದು ಗೊತ್ತಾಗೋದು ಹೇಗೆ?"

ಮರಿಯಯ್ಯ ಭೂತಗನ್ನಡಿ ಕೊಟ್ಟರು. "ಹತ್ತೊಂಬತ್ತರಲ್ಲೂ ಒಂದು ಒಂಬತ್ತಿದೆಯಲ್ಲ. ಟಂಕಸಾಲೆಯವರದ್ದು. ಕೊನೇದನ್ನ ಅದರ ಪಕ್ಕ ಇಟ್ಟು ನೋಡಿ."

ನಟರಾಜ್ ನೋಡಿದ. ಮೊದಲ ಒಂಬತ್ತಿನ ತಲೆ ದೊಡ್ಡದು, ಬಾಲ ನೇರ. ಕೊನೆಯದರ ತಲೆ ಚಿಕ್ಕದು. ಅದು ಎಂಟರ ತಲೆ. ಬಾಲದ ತುದಿ ಕೊಕ್ಕೆಯ ಹಾಗೆ ಮೇಲಕ್ಕೆ ಎದ್ದಿತ್ತು.

"ಅಪರೂಪ ಅನ್ನೋದು ಬೆಳ್ಳೀಲಿಲ್ಲ, ಆ ಒಂದು ಅಂಕಿಯಲ್ಲಿದೆ. ಜನ ಹೋಗಿ ಬೆಳ್ಳಿ ಪರೀಕ್ಷೆ ಮಾಡಿಸ್ತಾರೆ," ಅಂದರು ಮರಿಯಯ್ಯ. "ಆದ್ರೆ ಕೈ ನೋಡಿ ಅವನದು. ಸುತ್ತ ಒಂದು ಗೀರು ಬೀಳಿಸಿಲ್ಲ."

ಮಂಗಳವಾರ ಬೆಳಿಗ್ಗೆ 11ಕ್ಕೆ ನಟರಾಜ್ ಮತ್ತು ದೇವಯ್ಯ ಮಹದೇವಾಚಾರಿಯ ಅಂಗಡಿಗೆ ಹೋದರು. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಜಗುಲಿಯ ಕೆಳಗೆ ಗುರುಬಸಮ್ಮ ಆಗಲೇ ನಿಂತಿದ್ದಳು.

"ನಲ್ವತ್ತು ವರ್ಸದ್ ಆಚಾರಿಯಂತೆ! ಎಂಟ್ಯಾವುದು ಒಂಬತ್ಯಾವುದು ಗೊತ್ತಿಲ್ಲ!"

"ಅಮ್ಮಾ, ಮನೆಗೆ ಓಗಿ," ಅಂದ ದೇವಯ್ಯ.

"ಓಯ್ತೀನಿ ಕಣಪ್ಪ. ನನ್ ರೂಪಾಯಿ ನೀನ್ ಕೊಟ್ಟೀಯಾ?"

ಒಳಗೆ ಮಹದೇವಾಚಾರಿ ಒಬ್ಬ ಹೆಂಗಸಿನ ಮೂಗುಬೊಟ್ಟು ತೂಗುತ್ತಿದ್ದ. ಅರವತ್ತೊಂದರ ಮನುಷ್ಯ ಕನ್ನಡಕವಿಲ್ಲದೆ ತಕ್ಕಡಿಯ ಮುಳ್ಳು ಓದಿ ತೂಕ ಹೇಳಿದ. ಅವಳು ಮೂಗುಬೊಟ್ಟನ್ನು ಸೆರಗಿಗೆ ಕಟ್ಟಿಕೊಂಡು ಇಳಿದುಹೋದಳು. ನಿನ್ನೆಯಿಂದ ಒಡವೆ ವಾಪಸ್ ತೆಗೆದುಕೊಂಡವರಲ್ಲಿ ಅವಳು ನಾಲ್ಕನೆಯವಳು.

"ಈ ಚೀಟಿ ನಿಮ್ದಾ?"

"ನಂದೇ ಸಾ."

"ಇಸವಿ ನೋಡ್ಲಿಲ್ವಾ?"

"ನೋಡ್ನಿಲ್ಲ. ಬೆಳ್ಳಿ ಕೇಳುದ್ರು, ಬೆಳ್ಳಿ ಯೋಳ್ದೆ. ಅದು ನನ್ ತಪ್ಪೇ."

"ಈಗ ನೋಡಿ."

ಮಹದೇವಾಚಾರಿ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ. ಒಂದು ನಿಮಿಷ ಕಳೆಯಿತು. ನಾಣ್ಯವನ್ನು ಬೆಳಕಿಗೆ ಹೊರಳಿಸಿದ, ಮತ್ತೆ ನೋಡಿದ. ಆಮೇಲೆ ಗಾಜನ್ನು ಕೆಳಗಿಟ್ಟು ಅದರ ಮೇಲೆ ಬಟ್ಟೆ ಮುಚ್ಚಿದ.

"ಯಾರ ಕೈ ಕೆಲಸ ಇದು?"

"ಗೊತ್ತಾಗಾಕಿಲ್ಲ ಸಾ. ಕಣ್ಣು ಮಂಜು."

"ಎಫ್.ಐ.ಆರ್.ನಲ್ಲಿ ನಿಮ್ಮ ಹೆಸರಿದೆ. ಹೇಳ್ದಿದ್ರೆ ಠಾಣೆಗೆ ಬರಬೇಕಾಗುತ್ತೆ."

"ನಡೀರಿ ಸಾ." ಅವನು ಎದ್ದು ಗೂಟದಲ್ಲಿದ್ದ ಅಂಗಿಗೆ ಕೈಹಾಕಿದ.

ಹನ್ನೊಂದು ವರ್ಷದ ನೌಕರಿಯಲ್ಲಿ ನಟರಾಜ್ ಬಹಳ ಜನರನ್ನು ಠಾಣೆಗೆ ಕರೆದೊಯ್ದಿದ್ದ. ತಪ್ಪು ಮಾಡಿದವರು ವಾದಿಸುತ್ತಿದ್ದರು, ಮಾಡದವರು ಇನ್ನೂ ಜಾಸ್ತಿ ವಾದಿಸುತ್ತಿದ್ದರು. ಇಷ್ಟು ಅವಸರದಲ್ಲಿ ಅಂಗಿ ಹಾಕಿಕೊಂಡವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಆಚಾರಿಯ ಹೆಂಡತಿ ಪುಟ್ಟಗೌರಮ್ಮ ನೀರು ತಂದಳು. ಹಿತ್ತಾಳೆ ಚೊಂಬಿನ ಕಂಠದ ಸುತ್ತ ಗಂಡಹೆಂಡಿರ ಹೆಸರು, ಕೆಳಗೆ ಮದುವೆಯ ತಾರೀಖು: 19-6-1969. ನಟರಾಜ್ ನೀರು ಕುಡಿಯಲಿಲ್ಲ. ಮೂರು ಒಂಬತ್ತುಗಳ ಬಾಲವೂ ತುದಿಯಲ್ಲಿ ಕೊಕ್ಕೆಯಾಗಿ ಮೇಲಕ್ಕೆ ಎದ್ದಿತ್ತು.

"ಇದನ್ನ ಯಾರು ಕೆತ್ತಿದ್ದಮ್ಮ?"

"ನಮ್ ಮೈದ್ನ ಸಾ, ಸಿದ್ದ. ಆಗವನಿಗೆ ಇನ್ನೂ ಇಪ್ಪತ್ತು ವರ್ಸ. ಈಗ ನರಸೀಪುರ್ದಲ್ಲವ್ನೆ, ಪಾತ್ರೆ ಅಂಗ್ಡೀಲಿ ಎಸ್ರು ಕೆತ್ತಾನೆ..."

"ಗೌರಿ, ಒಳಕ್ ಓಗು," ಅಂದ ಮಹದೇವಾಚಾರಿ. ಅಂಗಿಯ ಒಂದು ತೋಳಷ್ಟೇ ಹಾಕಿಕೊಂಡಿದ್ದ.

12.20ಕ್ಕೆ ಪಂಚರ ಸಮಕ್ಷಮದಲ್ಲಿ ಚೊಂಬನ್ನು ವಶಕ್ಕೆ ತೆಗೆದುಕೊಂಡರು. ನಟರಾಜ್ ಮಹದೇವಾಚಾರಿಯನ್ನು ಠಾಣೆಗೆ ಕರೆದೊಯ್ಯಲಿಲ್ಲ. ಜೀಪಿನಲ್ಲಿ ದೇವಯ್ಯ ಕೇಳಿದ, "ಕೊಕ್ಕೆ ಬಾಲ ಎಲ್ರೂ ಬರೀಬೌದಲ್ವಾ ಸಾ?"

"ಬರೀಬಹುದು. ಅದಕ್ಕೇ ನಾಳೆ ನರಸೀಪುರಕ್ಕೆ ಹೋಗೋದು."

ಬುಧವಾರ ಟಿ. ನರಸೀಪುರದ ಪಾತ್ರೆ ಅಂಗಡಿಯ ಮಾಲೀಕ ಹೇಳಿದ: "ಸಿದ್ದಾಚಾರಿನಾ? ಬಿಟ್ಟು ಮೂರು ವರ್ಷ ಆಯ್ತು ಸಾರ್. ಹೆಸರು ಕೆತ್ತೋ ಕರೆಂಟ್ ಪೆನ್ನು ತಂದ ಮೇಲೆ ನಾನೇ ಬರ್ಕೊಡ್ತೀನಿ. ಅವನ ಅಕ್ಷರ ಮುತ್ತು. ಆದ್ರೆ ಒಂದು ಹೆಸರಿಗೆ ಕಾಲು ಗಂಟೆ. ಗಿರಾಕಿ ಕಾಯಲ್ಲ." ಮಾರಾಟವಾಗದೆ ಉಳಿದ ಒಂದು ಕೊಳಗವನ್ನು ತೆಗೆದು ತೋರಿಸಿದ. ಅದರ ಮೇಲಿದ್ದ 1994ರ ಒಂಬತ್ತುಗಳಿಗೂ ಅದೇ ಬಾಲ. ಮನೆಯ ದಾರಿಯನ್ನೂ ಹೇಳಿದ.

ಮಧ್ಯಾಹ್ನ 3.15. ಸಿದ್ದಾಚಾರಿ ಬಾಗಿಲಲ್ಲಿ ಕುಳಿತು ಸಾಣೆಕಲ್ಲಿಗೆ ಉಳಿ ಹಿಡಿದಿದ್ದ. ಖಾಕಿ ಕಂಡು ಏಳಲಿಲ್ಲ.

"ಅಣ್ಣ ಯೋಳುದ್ನಾ?"

"ಇಲ್ಲ," ಅಂದ ನಟರಾಜ್. "ಕೇಳಿದ್ರೂ ಹೇಳ್ಲಿಲ್ಲ. ಅವರ ಹೆಸರೇ ಎಫ್.ಐ.ಆರ್.ನಲ್ಲಿದೆ."

ಸಿದ್ದಾಚಾರಿ ಉಳಿಯನ್ನು ಕೆಳಗಿಟ್ಟ. ಒಳಗೆ ಹೋಗಿ ತಾನೇ ಬಿಸ್ಕತ್ ಡಬ್ಬಿ ತಂದುಕೊಟ್ಟ. ಪಂಚನಾಮೆಯಲ್ಲಿ ಬರೆದದ್ದು: ವಿಕ್ಟೋರಿಯಾ ರೂಪಾಯಿ ನಲವತ್ತು, ತಿದ್ದದ 1938ರ ರೂಪಾಯಿ ಮೂರು, ಸಣ್ಣ ಉಳಿ ನಾಲ್ಕು, ಭೂತಗನ್ನಡಿ ಒಂದು. ದೇವಯ್ಯ ರೂಪಾಯಿಗಳನ್ನು ಎರಡು ಸಲ ಎಣಿಸಿದ.

"ಒಂದೂ ಮಾರಿಲ್ವಲ್ಲೋ! ಮತ್ಯಾಕ್ಲಾ ಮಾಡ್ದೆ?"

ಸಿದ್ದಾಚಾರಿ ನಟರಾಜ್‌ನ ಕಡೆ ನೋಡಿ ಹೇಳಿದ. "ನಮ್ಮಪ್ಪ ಬೆಳ್ಳಿ ಬಂಗಾರ್ದ ಕೆಲ್ಸ ಅಣ್ಣಂಗ್ ಕೊಟ್ಟ ಸಾ. ನಿನ್ ಕೈಗೆ ಪಾತ್ರೆ ಸಾಕು ಅಂದ. ಆಯ್ತು ಅಂತ ಮೂವತ್ತ್ ವರ್ಸ ಪಾತ್ರೆ ಕೆತ್ತುದೆ. ಆ ಪೆನ್ನು ಬಂದ್ಮೇಲೆ ಪಾತ್ರೆಗೂ ಬ್ಯಾಡಾದೆ. ನನ್ ಕೆಲ್ಸ ಒಂದ್ಸಲ ಅಣ್ಣನ್ ಕೈಲಿ ಪಾಸಾಗ್ಲಿ ಅನ್ನುಸ್ತು." ನಟರಾಜ್‌ನ ಕೈಯಲ್ಲಿದ್ದ ಕಾಗದದತ್ತ ಬೆರಳು ತೋರಿಸಿ ಕೇಳಿದ, "ಅವ್ನ್ ಬರ್ಕೊಟ್ಟ ಚೀಟಿ ಅದಾ ಸಾ?"

ನಟರಾಜ್ ಪ್ಲಾಸ್ಟಿಕ್ ಕವರಿನಲ್ಲಿದ್ದ ಚೀಟಿಯನ್ನು ಹಿಡಿದು ತೋರಿಸಿದ. ಸಿದ್ದಾಚಾರಿ ತುಟಿ ಅಲುಗಿಸುತ್ತಾ ಓದಿದ.

"ಇಸ್ವಿ ಮಾತೇ ಇಲ್ವಲ್ಲ ಇದ್ರಲ್ಲಿ."

"ಆವತ್ತು ಅವರು ಇಸವಿ ನೋಡೇ ಇಲ್ಲ."

ಅವನ ಮುಖ ಸಣ್ಣದಾಯಿತು.

"ನಿನ್ನೆ ನೋಡಿದ್ರು," ಅಂದ ನಟರಾಜ್. "ತುಂಬಾ ಹೊತ್ತು ನೋಡಿದ್ರು."

"ಏನಂದ?"

"ಕಣ್ಣು ಮಂಜು ಅಂದ್ರು."

ಸಿದ್ದಾಚಾರಿ ಎದ್ದು ಅಂಗಿ ಹಾಕಿಕೊಂಡ. ಸಂಜೆ 4.10ಕ್ಕೆ ಅವನ ದಸ್ತಗಿರಿ ಆಯಿತು. ತಹಸೀಲ್ದಾರರ ಎದುರು ನಡೆದ ಗುರುತು ಪರೇಡಿನಲ್ಲಿ ಗುರುಬಸಮ್ಮ ಎಂಟು ಜನರ ಸಾಲಿನಿಂದ ಅವನನ್ನು ತೋರಿಸಿದಳು.

ಹಳೆಯ ನಾಣ್ಯ ಚಲಾವಣೆಯಲ್ಲಿಲ್ಲವಲ್ಲ, ವಂಚನೆಯ ಕಲಂ ಬಿಟ್ಟು ಬೇರೇನು ನಿಲ್ಲುತ್ತದೆ ಎಂದು ನಟರಾಜ್‌ಗೆ ಅನುಮಾನವಿತ್ತು. ದಂಡ ಸಂಹಿತೆ ತೆರೆದು ನೋಡಿದ. ಹಿಂದೊಮ್ಮೆ ಸರ್ಕಾರದ ಹಣವಾಗಿದ್ದದ್ದು ಚಲಾವಣೆ ನಿಂತರೂ ಭಾರತದ ನಾಣ್ಯವೇ ಎಂದು ಕಲಂ 230ರ ದೃಷ್ಟಾಂತದಲ್ಲಿತ್ತು. ನಾಣ್ಯದ ರೂಪ ಬದಲಿಸಿದ ಅಪರಾಧಕ್ಕೆ ಕಲಂ 249 ಸೇರಿಸಿದ. ದೋಷಾರೋಪ ಪಟ್ಟಿಯ ಆರೋಪಿಗಳಲ್ಲಿ ಮಹದೇವಾಚಾರಿಯ ಹೆಸರಿರಲಿಲ್ಲ. ಸಾಕ್ಷಿಗಳಲ್ಲಿ ಎರಡನೆಯದಾಗಿತ್ತು.

2000ದ ಮಾರ್ಚ್ 22ರಂದು ನಂಜನಗೂಡಿನ ನ್ಯಾಯಾಲಯದಲ್ಲಿ ಅವನು ಸಾಕ್ಷಿಕಟ್ಟೆ ಹತ್ತಿದ. ಅವನು ಮತ್ತೆ ಕಣ್ಣು ಮಂಜು ಅಂದರೆ ಕೇಸು ಅರ್ಧ ಬಿದ್ದಂತೆ. ನಟರಾಜ್ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಸರ್ಕಾರಿ ವಕೀಲರು ನಾಣ್ಯವನ್ನೂ ಭೂತಗನ್ನಡಿಯನ್ನೂ ಕೊಟ್ಟು, ಇದು ಯಾರ ಕೆಲಸ ಎಂದು ಕೇಳಿದರು.

ಮಹದೇವಾಚಾರಿ ನೋಡಿದ. ಈ ಸಲ ಗಾಜಿನ ಮೇಲೆ ಬಟ್ಟೆ ಮುಚ್ಚಲಿಲ್ಲ.

"ನನ್ ತಮ್ಮನ್ ಕೈ ಸ್ವಾಮಿ," ಅಂದ. "ಈ ಕೆಲ್ಸ ನನ್ ಕೈಲಾಗಾಕಿಲ್ಲ."

ಆರೋಪಿಯ ವಕೀಲರು ಪಾಟೀಸವಾಲಿಗೆ ಎದ್ದರು. ಸಿದ್ದಾಚಾರಿ ಅವರ ಕೋಟು ಹಿಡಿದು ಬೇಡ ಅಂದ. ಪಾಟೀಸವಾಲು ಇಲ್ಲ ಎಂದು ದಾಖಲಾಯಿತು. ಏಪ್ರಿಲ್ 7ರಂದು ನ್ಯಾಯಾಲಯ ಅವನಿಗೆ ಒಂದು ವರ್ಷದ ಸಜೆ ವಿಧಿಸಿತು. ಅವನು ಮೇಲ್ಮನವಿ ಹಾಕಲಿಲ್ಲ.