ಮಣಿಕಟ್ಟಿನ ಎಂಟು ಚಿತ್ರಗಳು

"ಚಿತ್ರ. ಚಿತ್ರ. ಚಿತ್ರ."

ಪರದೆಯನ್ನು ಓದಿಹೇಳುವ ದನಿ ನಿದ್ದೆಯಲ್ಲಿ ಕನವರಿಸುವಂತೆ ಅದನ್ನೇ ಹೇಳುತ್ತಿತ್ತು. ಮಧ್ಯಾಹ್ನದ ಮಂಪರಿನಲ್ಲಿ ಕಚೇರಿಯೇ ತೇಲುತ್ತಿದ್ದಂತಿತ್ತು. ಪರೀಕ್ಷೆ ಬರೆಯಲು ಬಂದಿದ್ದ, ಕಣ್ಣು ಕಾಣದ ಹುಡುಗಿ ಕೀಲಿಮಣೆಯಿಂದ ಕೈ ತೆಗೆದಳು.

"ನಿನ್ನೆವರೆಗೂ ಮಣಿಕಟ್ಟಿನ ಒಂದೊಂದು ಮೂಳೆ ಹೇಗಿದೆ ಅಂತ ಹೇಳ್ತಿತ್ತು, ಅಕ್ಕಾ. ಇವತ್ತು ಬರೀ ಚಿತ್ರವಂತೆ! ಐದಕ್ಕೆ ಕೊನೇ ಪರೀಕ್ಷೆ. ತಪ್ಪಿದ್ರೆ ಆಸ್ಪತ್ರೆಯ ಫಿಸಿಯೋಥೆರಪಿ ಕೆಲಸ ಬೇರೆಯವರ ಪಾಲು."

ಆ ಕಚೇರಿ ತಯಾರಿಸುವ ಆನ್‌ಲೈನ್ ಪಾಠಗಳ ತಪ್ಪು ಹುಡುಕುವುದೇ ತಪಾಸಣೆಯಕ್ಕನ ಕೆಲಸ. ಆ ಚಿತ್ರಗಳಿಗೆ ವಿವರಣೆ ಬರೆದವಳೂ ಅವಳೇ. ಯಾರೋ ಅಳಿಸಿದ್ದಾರೆ!

ಇಡೀ ಕಚೇರಿಗೆ ಒಂದೇ ಪಾಸ್‌ವರ್ಡ್. ಯಾರನ್ನು ಹಿಡಿಯುವುದು?

"ನಿನ್ನೆ ಏನು ಕೈಯಾಡಿಸಿದೆ?" ಪ್ರೋಗ್ರಾಮರನನ್ನು ಕೇಳಿದಳು.

"ಅಯ್ಯೋ, ನನ್ನ ತಲೆಗೆ ಕಟ್ಟಬೇಡಿ! ಪಾಠಗಳನ್ನ ಹೊಸ ಸರ್ವರ್‌ಗೆ ಸಾಗಿಸಿದ್ದಷ್ಟೇ."

"ಸಾಗಿಸುವಾಗ ಉದುರಿರಬಹುದಾ?"

"ಇರಬಹುದಪ್ಪ..."

ತಪಾಸಣೆಯಕ್ಕ ಪಾಠದ ಪುಟ ತೆರೆದಳು. ಅದೇ ಎಂಟು ಚಿತ್ರಗಳು — ದನಿ ಎಲ್ಲವನ್ನೂ ಸೊಗಸಾಗಿ ವಿವರಿಸಿತು! ಪ್ರಶ್ನೆಯ ಪುಟಕ್ಕೆ ಬಂದರೆ ಮತ್ತೆ ಅದೇ ಕನವರಿಕೆ.

ಅವಳು ನೆಟ್ಟಗೆ ಪಾಠ ಬರೆದ ಮೇಷ್ಟ್ರ ಕೋಣೆಗೆ ನಡೆದಳು. ಹುಡುಗಿಯೂ ಅವಳ ತೋಳು ಹಿಡಿದು ಬಂದಳು.

"ಸರ್ವರ್ ಉದುರಿಸಿದ್ದರೆ ಎರಡೂ ಕಡೆ ಉದುರಬೇಕಿತ್ತು, ಮೇಷ್ಟ್ರೇ. ಪ್ರಶ್ನೆಗಳಲ್ಲಿ ಮಾತ್ರ ಹೋಗಿದೆ. ಯಂತ್ರಕ್ಕೆ ಪ್ರಶ್ನೆ ಯಾವುದು, ಪಾಠ ಯಾವುದು ಗೊತ್ತಾ? ಉತ್ತರ ಸೋರಬಾರದು ಅನ್ನೋ ಚಿಂತೆ ಇರೋದು ಪ್ರಶ್ನೆ ಬರೆಯುವ ನಿಮಗೊಬ್ಬರಿಗೇ. ಅಳಿಸಿದ್ದು ನೀವು."

ಮೇಷ್ಟ್ರು ಕನ್ನಡಕ ತೆಗೆದರು. "ಹೌದಮ್ಮ. ಹೋದ ವಾರದ ಅಭ್ಯಾಸದಲ್ಲಿ ಈಕೆಗೆ ನೂರಕ್ಕೆ ನೂರು. ಕಾಣದವಳು ಅಷ್ಟು ಹೇಗೆ ತೆಗೀತಾಳೆ? ವಿವರಣೆಯೇ ಉತ್ತರ ಹೇಳಿಕೊಡ್ತಿರಬೇಕು ಅಂದ್ಕೊಂಡೆ."

"ಒಂದನ್ನಾದ್ರೂ ಓದಿದ್ರಾ? 'ಹೆಬ್ಬೆರಳಿನ ಬುಡದಲ್ಲಿ, ದೋಣಿಯ ಆಕಾರದ್ದು' — ನಾನು ಬರೆದಿರೋದು ಇಷ್ಟೇ. ಹೆಸರು ಎಲ್ಲಿದೆ?"

"ಕೈ ಕೊಡಿ, ಮೇಷ್ಟ್ರೇ," ಎಂದಳು ಹುಡುಗಿ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಬೆರಳುಗಳು ಮಾತ್ರ ನಿಧಾನವಾಗಿ ಅವರ ಮಣಿಕಟ್ಟಿನ ಮೇಲೆ ಸರಿದವು. "ಇದು ಪಿಸಿಫಾರ್ಮ್. ಇದು ಲ್ಯೂನೇಟ್. ಇದು ಸ್ಕೇಫಾಯ್ಡ್, ಆ ದೋಣಿಯಾಕಾರದ ಮೂಳೆ..." ಅಲ್ಲೇ ನಿಂತು ಮೆಲ್ಲಗೆ ಒತ್ತಿದಳು. ಮೇಷ್ಟ್ರು "ಸ್ಸ್" ಎಂದರು.

"ಇದು ಯಾವಾಗಲೋ ಮುರಿದಿತ್ತಲ್ವಾ? ಸರಿಯಾಗಿ ಕೂಡಿಲ್ಲ."

"ಹದಿನೈದು ವರ್ಷ ಆಯ್ತು ಬಿದ್ದು," ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ. "ಯಾರಿಗೂ ಹೇಳಿಲ್ಲ ನಾನು."

ಐದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಮೇಷ್ಟ್ರು ಕುರ್ಚಿ ಎಳೆದುಕೊಂಡು, ಅಳಿಸಿದ್ದನ್ನೆಲ್ಲ ಪಾಠದ ಪುಟದಿಂದ ಒಂದೊಂದಾಗಿ ಮರಳಿ ಹಾಕತೊಡಗಿದರು, ಈ ಸಲ ಓದಿಕೊಂಡು.