ಹುಬ್ಬಕ್ಕನ ಬಾಯಿ ಮೇಲಿನ ದೂರು

ಹೊಸ ಪೇಸ್ಟು, ಉರಿಯುವ ನೀಲಿ ಮೌತ್‌ವಾಶು, ಏಲಕ್ಕಿ, ದಂತವೈದ್ಯರ ಫೀಸು— ಆ ತಿಂಗಳ ಸಂಬಳದಲ್ಲಿ ಕಾಲುಭಾಗ ಹುಬ್ಬಕ್ಕನ ಬಾಯಿಗೇ ಸುರಿದುಹೋಗಿತ್ತು. ಆದರೂ ಅವತ್ತು ತಾನು ಹುಬ್ಬು ತೀಡುವ ಬ್ಯೂಟಿ ಪಾರ್ಲರಿಗೆ ಬಂದು ನೋಡಿದರೆ ಅವಳ ಕುರ್ಚಿಗೆ ಪೊರಕೆ ಒರಗಿಸಿಟ್ಟಿತ್ತು.

ದಾರದಲ್ಲಿ ಹುಬ್ಬು ತೀಡಿಸಿಕೊಳ್ಳಲು ಬಂದವರು ಮೂಗು ಮುಚ್ಚಿಕೊಂಡು ಹೋಗುತ್ತಿದ್ದಾರೆ ಎಂದು ಯಜಮಾನಿ ಸಿಡುಕಿದಳು. "ಶನಿವಾರದೊಳಗೆ ನಿನ್ನ ಬಾಯಿ ಸರಿಹೋಗ್ಲಿಲ್ಲ ಅಂದ್ರೆ ಕಸ ಗುಡಿಸೋದೇ ನಿನ್ನ ಕೆಲಸ."

"ಕುರ್ಚಿ ಬಿಡಲ್ಲ, ಪೊರಕೆ ಮುಟ್ಟಲ್ಲ" ಎಂದಳು ಹುಬ್ಬಕ್ಕ. ಸಂಜೆ ನೆಟ್ಟಗೆ ದೊಡ್ಡಮ್ಮನ ಮನೆಗೆ ಹೋದಳು. ದೊಡ್ಡಮ್ಮ ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು.

ಮರುದಿನ ಮಧ್ಯಾಹ್ನ ದೊಡ್ಡಮ್ಮ ಪಾರ್ಲರಿನಲ್ಲಿ ಹಾಜರು. ಮೊದಲು ಕೂದಲು ಕತ್ತರಿಸುವವಳನ್ನು ವಿಚಾರಿಸಿದಳು. ಅವಳೂ ಹುಬ್ಬಕ್ಕನೂ ಒಂದೇ ಡಬ್ಬಿಯಲ್ಲಿ ಹಂಚಿಕೊಂಡು ಉಣ್ಣುತ್ತಿದ್ದರು; ಆದರೆ ಕೂದಲಿನವಳ ಮೇಲೆ ದೂರಿಲ್ಲ. ಹಾಗಾದರೆ ಈರುಳ್ಳಿ ನಿರಪರಾಧಿ. ಹುಬ್ಬಕ್ಕನ ಹಲ್ಲಲ್ಲಿ ಹುಳುಕಿಲ್ಲ, ವಸಡು ಗಟ್ಟಿಯಾಗಿದೆ ಎಂದು ದಂತವೈದ್ಯರೇ ಹೇಳಿದ್ದರು. ನಾಲಿಗೆಯನ್ನೂ ದಿನಾ ಉಜ್ಜುತ್ತಾಳೆ. ಮತ್ತೆ ಯಾರು?

"ದೂರು ಕೊಟ್ಟೋರು ಬಂದಿದ್ದು ಯಾವ ಹೊತ್ತಲ್ಲಿ?"

"ಎಲ್ಲಾ ಮಧ್ಯಾಹ್ನದ ಮೇಲೆ" ಎಂದಳು ಯಜಮಾನಿ.

"ಬೆಳಿಗ್ಗೆಯೋರು?"

"ಯಾರೂ ಇಲ್ಲ."

ದೊಡ್ಡಮ್ಮ ಕುರ್ಚಿಗೆ ಒರಗಿದಳು. "ನನ್ನ ಹುಬ್ಬು ತೀಡೇ."

ಹುಬ್ಬಕ್ಕ ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಬಾಗಿದಳು. ಬೆಳಗಿನಿಂದ ಅದೇ ಭಂಗಿ— ತುಟಿ ತೆರೆದು, ಬಾಯಲ್ಲೇ ಉಸಿರಾಡುತ್ತಾ. ಮುಗಿಸಿ ಮಾತಾಡಹೋದರೆ ನಾಲಿಗೆ ಅಂಗುಳಕ್ಕೆ ಅಂಟಿತ್ತು.

"ನೀರು ಕುಡಿ" ಎಂದಳು ದೊಡ್ಡಮ್ಮ.

ಹುಬ್ಬಕ್ಕ ಯಜಮಾನಿಯ ಮುಖ ನೋಡಿದಳು.

ದೊಡ್ಡಮ್ಮ ಎದ್ದು ಕೂತಳು. "ನೀರು ಕುಡಿಯೋಕೆ ಅವರ ಮುಖ ಯಾಕೆ ನೋಡ್ತೀಯ?"

ಕೂದಲು ಕತ್ತರಿಸುವವಳು ಮೆಲ್ಲಗೆ ಬಾಯಿಬಿಟ್ಟಳು. ನೀರು ಕುಡಿದರೆ ಬಾತ್‌ರೂಮು, ಬಾತ್‌ರೂಮಿಗೆ ಹೋದರೆ ಗಿರಾಕಿ ಕಾಯಬೇಕು. ಅದಕ್ಕೇ ಬಾಟಲಿಗಳೆಲ್ಲ ಸಂಜೆಯವರೆಗೆ ಯಜಮಾನಿಯ ಬೀರುವಿನಲ್ಲಿ.

"ಕಳ್ಳ ಸಿಕ್ಕಿದ" ಎಂದಳು ದೊಡ್ಡಮ್ಮ. "ಅವಳು ನಿಮ್ಮ ಮುಖ ನೋಡಿದ್ದನ್ನ ಇಷ್ಟು ದಿನ ಯಾರೂ ಗಮನಿಸಿಲ್ಲ. ಮೇಡಂ, ಬಾಯಿಗೆ ಜೊಲ್ಲೇ ಕಾವಲು. ಅದು ಒಣಗಿದ್ರೆ ಎಷ್ಟು ಉಜ್ಜಿದ್ರೂ ನಾರುತ್ತೆ. ದಿನವಿಡೀ ದಾರ ಕಚ್ಚಿ ನಿಲ್ಲೋಳಿಗೆ ನೀವು ನೀರು ಬಂದ್ ಮಾಡಿದ್ರಿ. ಆ ಉರಿಯೋ ನೀಲಿ ನೀರು ಇನ್ನಷ್ಟು ಒಣಗಿಸ್ತು. ತಪ್ಪು ಇವಳ ಬಾಯಿದಲ್ಲ, ನಿಮ್ಮ ರೂಲ್ಸಿಂದು."

"ಹಾಗಂತ ಗಿರಾಕಿ ಕಾಯ್ತಾ ಕೂರ್ಬೇಕಾ?"

ಉತ್ತರ ಕೊಟ್ಟವಳು ಹುಬ್ಬಕ್ಕ. "ಕೂರ್ಲಿ. ಬಾಯಾರಿದಾಗ ಕುಡಿತೀನಿ, ಬೇಕಾದಾಗ ಬಾತ್‌ರೂಮಿಗೂ ಹೋಗ್ತೀನಿ. ಆಗಲ್ಲ ಅಂದ್ರೆ ನಾಳೆಯಿಂದ ದಾರ ನೀವೇ ಕಚ್ಚಿ."

ಯಜಮಾನಿಗೆ ಆ ಕೆಲಸ ಬರುತ್ತಿರಲಿಲ್ಲ. ಬೀರುವಿನ ಬೀಗ ತೆಗೆದಳು.

ಶನಿವಾರದ ಹೊತ್ತಿಗೆ ದೂರು ನಿಂತಿತು. ಕಾಯಲಾರದ ಕೆಲವು ಗಿರಾಕಿಗಳು ಎದುರಿನ ಪಾರ್ಲರಿಗೆ ಹೋದರು. ಯಜಮಾನಿ ಹುಬ್ಬಕ್ಕನೊಂದಿಗೆ ನಗುವುದನ್ನು ಬಿಟ್ಟಳು. ಕುರ್ಚಿ ಮಾತ್ರ ಹುಬ್ಬಕ್ಕನದಾಗಿಯೇ ಉಳಿಯಿತು.