ಸಾಕು ಅಂದಿದ್ದು ನಿನ್ನನ್ನಲ್ಲ ಕಣೇ!

"ಮುಟ್ಟಬೇಡಿ ನನ್ನ!"

ಹೆರಿಗೆ ವಾರ್ಡಿನ ಬಾಗಿಲಲ್ಲಿ, ವೀಲ್‌ಚೇರ್ ಹಿಡಿಯಲು ಬಂದ ಗಂಡನ ಮೇಲೆ ಅವಳು ಸಿಡಿದಳು. ಅವಳ ಅಕ್ಕ ಫೋನ್ ಮಾಡಿದ್ದೇ ತಡ, ಬೇಕರಿಯಿಂದ ಓಡೋಡಿ ಬಂದಿದ್ದ ಅವನು. ಏಪ್ರನ್ ತುಂಬ ಮೈದಾ ಹಿಟ್ಟು.

ಅವಳು ಶಾಲಾ ಟೀಚರ್. ಐವಿಎಫ್‌ನಲ್ಲಿ ಎರಡು ಸಲ ಸೋತು, ಮೂರನೇ ಸಲ ನಿಂತ ಬಸಿರು. ಎಂಟು ತುಂಬುವ ಮುಂಚೆಯೇ ನೋವು ಶುರುವಾಗಿಬಿಟ್ಟಿತ್ತು!

ಒಂದು ತಿಂಗಳಿಂದ ಅವಳಿದ್ದದ್ದು ಅಕ್ಕನ ಮನೆಯಲ್ಲಿ. ಗಂಡ ತನ್ನ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದು ಕಿವಿಗೆ ಬಿದ್ದಿತ್ತು. 'ಈ ಸಲವೂ ಕೈಕೊಟ್ರೆ ಮುಗೀತು. ಇನ್ನು ನನ್ನ ಕೈಲಾಗಲ್ಲ, ಸಾಕಾಗಿದೆ.'

ಸಾಕಾಗಿದ್ದು ನಾನೇ ತಾನೇ... ಅಂದುಕೊಂಡು ಬ್ಯಾಗ್ ಎತ್ತಿಕೊಂಡು ಹೊರಟವಳು, ಅವನ ಒಂದು ಫೋನೂ ಎತ್ತಿರಲಿಲ್ಲ.

"ಟೀಚರಮ್ಮ, ಆಮೇಲೆ ಎಷ್ಟು ಬೇಕಾದ್ರೂ ಬೈಯಿ. ಈಗ ಕೈ ಕೊಡು..."

"ಸಾಕು ಅಂದವರಿಗೆ ಕೈ ಯಾಕೆ ಕೊಡ್ಲಿ?"

ಅವನು ಬೆಪ್ಪಾದ. "ಅದನ್ನ ಕೇಳಿಸ್ಕೊಂಡ್ಯಾ? ಅಯ್ಯೋ! ಸಾಕು ಅಂದಿದ್ದು ನಿನ್ನನ್ನಲ್ಲ ಕಣೇ, ಆ ಇಂಜೆಕ್ಷನ್‌ಗಳನ್ನ! ದಿನಾ ನಿನ್ನ ಹೊಟ್ಟೆಗೆ ಸೂಜಿ ಚುಚ್ಚಿದ್ದು ಇದೇ ಕೈ. ನೀನು ಹಲ್ಲು ಕಚ್ಕೊಂಡು ನಗ್ತಿದ್ದೆ, ನಾನು ಬೇಕರಿಗೆ ಹೋಗಿ ಅಳ್ತಿದ್ದೆ. ಇನ್ನೊಂದ್ಸಲ ನಿನ್ನನ್ನ ಹಾಗೆ ನೋಡೋಕೆ ಕೈಲಾಗಲ್ಲ ಅಂದೆ. ಮಗು ಆಗದಿದ್ರೂ ಚಿಂತೆಯಿಲ್ಲ, ನಂಗೆ ನೀನು ಬೇಕು!"

ಅವಳು ಅವನ ಮುಖವನ್ನೇ ನೋಡಿದಳು. ಇಷ್ಟೇನಾ? ಇಷ್ಟಕ್ಕಾ ನಾನು ಈ ಮನುಷ್ಯನನ್ನ...

"ಜಗಳ ಒಳಗೆ ಬಂದು ಮುಗಿಸಿ!" ನರ್ಸಮ್ಮ ಗದರಿ ವೀಲ್‌ಚೇರ್ ತಳ್ಳಿದಳು.

ಅವಳು ಗಬಕ್ಕನೆ ಅವನ ಕೈ ಹಿಡಿದಳು. ಆಮೇಲೆ ಬಿಡಲೇ ಇಲ್ಲ. ಒಂದೊಂದು ನೋವು ಬಂದಾಗಲೂ ಅವಳಿಗಿಂತ ಜೋರಾಗಿ ಅವನೇ ಕಿರುಚಿದ!

ಕೊನೆಗೆ ಮಗು ಬಂತು. ಆದರೆ... ಅಳಲಿಲ್ಲ.

ಡಾಕ್ಟರ್ ಮಗುವಿನ ಬೆನ್ನು ಉಜ್ಜುತ್ತಿದ್ದರು. 'ಅಳು ಕಂದಾ, ಒಂದೇ ಒಂದು ಸಲ...' ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

"ಕ್ವಾ...!"

"ಹೆಣ್ಣು ಮಗು!" ಡಾಕ್ಟರ್ ನಕ್ಕರು. "ಗುಬ್ಬಚ್ಚಿಯಷ್ಟಿದ್ದಾಳೆ, ಗಂಟಲು ಮಾತ್ರ ಗಟ್ಟಿ! ಸ್ವಲ್ಪ ದಿನ ಗಾಜಿನ ಪೆಟ್ಟಿಗೇಲಿ ಇಟ್ಟು ನೋಡ್ಕೋತೀವಿ."

ಆ ದಿನಗಳನ್ನು ಇಬ್ಬರೂ ಜೀವ ಕೈಯಲ್ಲಿ ಹಿಡಿದುಕೊಂಡು ಕಳೆದರು. ಮಗು ಮೈ ತುಂಬಿಕೊಂಡಿತು, ತಾನೇ ಹಾಲು ಕುಡಿಯಿತು. ಒಂದು ಬೆಳಗ್ಗೆ ಡಾಕ್ಟರ್, "ಇನ್ನು ಮನೆಗೆ ಕರ್ಕೊಂಡು ಹೋಗಿ" ಅಂದರು!

ಮಗುವನ್ನು ಎದೆಗಪ್ಪಿಕೊಂಡು ಅವಳು ಮೆಲ್ಲಗೆ ಕೇಳಿದಳು. "ಹೇಳದೆ ಕೇಳದೆ ಬಿಟ್ಟು ಹೋದೆನಲ್ಲ ರೀ... ಕೋಪ ಬರ್ಲಿಲ್ವಾ?"

"ಬರದೆ ಇರುತ್ತಾ? ನೀನಿಲ್ದೆ ಹಾಸಿಗೆ ಮೈದಾನದ ಹಾಗಾಗಿತ್ತು. ನಿದ್ದೆನೇ ಹತ್ತಿರ ಸುಳೀತಿರ್ಲಿಲ್ಲ."

ಅವಳು ಅವನ ಭುಜಕ್ಕೆ ಒರಗಿದಳು. "ಇವತ್ತಿಂದ ಆ ಹಾಸಿಗೇಲಿ ನಿಮಗೆ ಜಾಗನೇ ಸಿಗಲ್ಲ ಬಿಡಿ!"